ಗರ್ಭಕೋಶ ಕೇಳಿದರೆ ಕಾಲು ಅಂದಳು

ಡಾಕ್ಟರು ಮಾತಾಡುತ್ತಿದ್ದದ್ದು ಗರ್ಭಕೋಶದ ಬಗ್ಗೆ. ರೇಣುಕಾ ಹೇಳಿದ್ದು ಕಾಲಿನ ಬಗ್ಗೆ.

ನಾನೂ ಅದೇ ಕೋಣೆಯಲ್ಲಿ ಕೂತಿದ್ದೆ. ಇವಳಿಗೆ ಪ್ರಶ್ನೆಯೇ ಸರಿಯಾಗಿ ಕೇಳಿಸಲಿಲ್ಲವೇನೋ ಅಂದುಕೊಂಡೆ. ಅವಳ ಗಂಡ ಮಲ್ಲಪ್ಪನಂತೂ ಮೊಣಕೈಯಿಂದ ತಿವಿದೇಬಿಟ್ಟ. "ಏ, ಅವರು ಕ್ಯಾನ್ಸರ್ ಬಗ್ಗೆ ಕೇಳಾಕತ್ತಾರ."

"ಗೊತ್ತೈತಿ," ಅಂದಳು ರೇಣುಕಾ. "ನಾನೂ ಅದರ ಬಗ್ಗೇನ ಹೇಳಾಕತ್ತೀನಿ."

ಇರಿ, ಮೊದಲಿನಿಂದ ಹೇಳುತ್ತೇನೆ.

ಬೊಮ್ಮನಹಳ್ಳಿಯಲ್ಲಿ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಇವರಿಬ್ಬರೂ ಬಾಡಿಗೆಗಿದ್ದಾರೆ. ಕೊಪ್ಪಳದ ಕಡೆಯವರು. ಮಲ್ಲಪ್ಪನದು ವೆಲ್ಡಿಂಗ್ ಕೆಲಸ, ಎಲ್ಲಿ ಕಟ್ಟಡ ಏಳುತ್ತಿದೆಯೋ ಅಲ್ಲಿ. ರೇಣುಕಾ ಹೊಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಒಬ್ಬಳೇ ಮಗಳು, ಊರಲ್ಲಿ ಅಜ್ಜಿಯ ಹತ್ತಿರ ಇದ್ದುಕೊಂಡು ಪಿಯುಸಿ ಓದುತ್ತಾಳೆ. ನನಗೂ ರೇಣುಕಾಳಿಗೂ ಪರಿಚಯ ಮಾಡಿಸಿದ್ದು ಬ್ಲೌಸು. ಭಾನುವಾರಗಳಲ್ಲಿ ಅವಳು ಅಕ್ಕಪಕ್ಕದವರ ಬಟ್ಟೆ ಹೊಲಿದು ಕೊಡುತ್ತಾಳೆ. (ನನ್ನ ಅಳತೆ ವರ್ಷ ವರ್ಷ ಎಷ್ಟು ಬದಲಾಗಿದೆ ಎಂದು ಗೊತ್ತಿದ್ದೂ ಬಾಯಿಬಿಡದ ಏಕೈಕ ಟೈಲರ್ ಅವಳು. ಇಂಥವರು ಸಿಗುವುದು ಕಷ್ಟ.)

ಕಳೆದ ವರ್ಷ ಒಂದು ದಿನ, ನಾನು ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತಾ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾಗ ರೇಣುಕಾ ಕೆಳಗೆ ಬಂದಳು. ಫಾಲ್ಸ್ ಹಚ್ಚಿದ ಸೀರೆಯನ್ನು ಟೇಬಲ್ ಮೇಲಿಟ್ಟಳು. ಅದರ ಮಡಿಕೆಯನ್ನು ಒಮ್ಮೆ ಸರಿ ಮಾಡಿದಳು.

"ಅಕ್ಕಾರ, ಗರ್ಭಚೀಲದಾಗ ಕ್ಯಾನ್ಸರ್ ಐತಂತ."

ಸೀರೆಯ ಬಗ್ಗೆ ಹೇಳಿದ ಹಾಗೆಯೇ ಹೇಳಿದಳು. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ಸುಮಾರು ಒಂದು ವರ್ಷದಿಂದ ಅವಳಿಗೆ ಮುಟ್ಟಿನ ದಿನಗಳ ನಡುವೆಯೂ ರಕ್ತ ಹೋಗುತ್ತಿತ್ತು. ವಯಸ್ಸು ನಲವತ್ತೈದು. "ಮುಟ್ಟು ನಿಲ್ಲೂ ವಯಸ್ಸಲ್ಲೇನ್ರಿ, ಹಿಂಗ ಆಗ್ತಿರ್ತೈತಿ ಅಂದ್ಕೊಂಡಿದ್ದೆ," ಅಂದಳು. ನಾವೆಲ್ಲ ಹೇಳುವುದೂ ಅದನ್ನೇ ತಾನೇ? ಸೊಂಟ ನೋವಾ? ವಯಸ್ಸು. ಸುಸ್ತಾ? ವಯಸ್ಸು. ಹೊತ್ತಲ್ಲದ ಹೊತ್ತಲ್ಲಿ ರಕ್ತಸ್ರಾವವಾ? ಅದೂ ವಯಸ್ಸು. ಪರೀಕ್ಷೆ ಮಾಡದೆ ಕಾಯಿಲೆ ಹೇಳುವ ಈ ವಯಸ್ಸೆಂಬ ಡಾಕ್ಟರು ಎಷ್ಟು ಹೆಂಗಸರನ್ನು ಮನೆಯಲ್ಲೇ ಕೂರಿಸಿಬಿಟ್ಟಿದ್ದಾರೋ!

ಪುಣ್ಯಕ್ಕೆ, ಹತ್ತಿರದ ನರ್ಸಿಂಗ್ ಹೋಮ್‌ನ ಲೇಡಿ ಡಾಕ್ಟರು ಹಾಗೆ ಮಾಡಲಿಲ್ಲ. ಒಳಗಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದಾಗ ಮುಚ್ಚಿಡದೆ ಹೇಳಿದರು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದರು: "ಇದು ನಾನು ಮಾಡೋ ಆಪರೇಷನ್ ಅಲ್ಲಮ್ಮ. ಹೆಂಗಸರ ಕ್ಯಾನ್ಸರ್‌ಗೇ ಅಂತ ಓದಿರೋ ಸರ್ಜನ್ ಇರ್ತಾರೆ. ಅವರ ಹತ್ರಾನೇ ಹೋಗಿ."

'ಇದು ನನ್ನ ಕೆಲಸವಲ್ಲ' ಎಂದು ಒಪ್ಪಿಕೊಳ್ಳುವ ಡಾಕ್ಟರ ಮೇಲೆ ನನಗೆ ಗೌರವ ಜಾಸ್ತಿ.

"ನೀವು ಜೋಡಿ ಬರ್ರಿ ಅಕ್ಕಾರ. ದೊಡ್ಡ ಆಸ್ಪತ್ರಿ, ಇಂಗ್ಲಿಷ್‌ನ್ಯಾಗ ಅಂದ್ರ ನಮಗ ತಿಳಿಯೂದಿಲ್ಲ," ಅಂದಳು ರೇಣುಕಾ. ರಜೆ ಹಾಕಿದೆ. ಮೂವರೂ ಒಂದೇ ಆಟೋದಲ್ಲಿ ಹೊರಟೆವು. ಸರ್ವಿಸ್ ರೋಡಿನಲ್ಲಿ ಆಟೋ ತೆವಳುತ್ತಿದ್ದಾಗ ಮಲ್ಲಪ್ಪ ತನ್ನ ತೀರ್ಮಾನ ಹೇಳಿದ. "ಎಲ್ಲಾ ತಗದ್ ಬಿಡ್ಲಿ ಅಕ್ಕಾರ. ಏನೂ ಉಳಿಸೂದು ಬ್ಯಾಡ." ನಾನು ಅಷ್ಟರಲ್ಲಿ ಇಂಟರ್‌ನೆಟ್ಟಿನಲ್ಲಿ ಅಷ್ಟಿಷ್ಟು ಓದಿದ್ದೆ. "ಹಾಗಲ್ಲಪ್ಪಾ, ಆದಷ್ಟು ಉಳಿಸ್ಕೊಳ್ಳೋದೇ ಒಳ್ಳೇದು," ಅಂದೆ. ಇಬ್ಬರೂ ವಾದಕ್ಕೆ ಬಿದ್ದೆವು. ನಮ್ಮಿಬ್ಬರ ನಡುವೆ ಕೂತಿದ್ದ ರೇಣುಕಾ ರಸ್ತೆ ನೋಡುತ್ತಿದ್ದಳು.

ಆಸ್ಪತ್ರೆಯಲ್ಲಿ ನನ್ನ ಇಂಗ್ಲಿಷಿಗೆ ಕೆಲಸವೇ ಇರಲಿಲ್ಲ. ಆ ಡಾಕ್ಟರು (ಹೆಸರು ಬರೆಯಬೇಡಿ ಎಂದಿದ್ದಾರೆ) ಅಚ್ಚ ಮೈಸೂರು ಕಡೆಯ ಕನ್ನಡದಲ್ಲಿ ಮಾತಾಡಿದರು. ಕುರ್ಚಿಯನ್ನು ರೇಣುಕಾಳ ಹತ್ತಿರಕ್ಕೆ ಎಳೆದುಕೊಂಡು ಕೂತರು.

"ಊಟ ಸೇರ್ತಿದೆಯಾ?"

"ಸೇರ್ತೈತ್ರಿ," ಅಂದ ಮಲ್ಲಪ್ಪ.

"ಹೊಟ್ಟೆ ನೋವು ಏನಾದ್ರೂ?"

"ಅಷ್ಟೇನಿಲ್ರಿ," ಅಂದ ಮಲ್ಲಪ್ಪ.

ಡಾಕ್ಟರು ನಕ್ಕರು. "ಮಲ್ಲಪ್ಪನವರೇ, ನಿಮ್ಮ ಹೊಟ್ಟೆ ಬಗ್ಗೆ ಆಮೇಲೆ ಕೇಳ್ತೀನಿ."

ಅವನೂ ನಕ್ಕ. ಆದರೆ ಕೈಯಲ್ಲಿದ್ದ ಟವೆಲ್ಲನ್ನು ಹಿಂಡುವುದು ಮಾತ್ರ ನಿಲ್ಲಿಸಲಿಲ್ಲ.

ಆಮೇಲೆ ಡಾಕ್ಟರು ಒಂದು ಚಿತ್ರ ಬರೆದು ವಿವರಿಸಿದರು. ಕಾಯಿಲೆ ಗರ್ಭಕೋಶದ ಒಳಗೇ ಇರುವಂತೆ ಕಾಣುತ್ತಿದೆ, ನಿಧಾನವಾಗಿ ಬೆಳೆಯುವ ಜಾತಿಯದು. "ನಿಮ್ಮ ವಿಷಯದಲ್ಲಿ ಗರ್ಭಕೋಶ ತೆಗೆಯೋದೇ ಸರಿ. ಅದರಲ್ಲಿ ಆಯ್ಕೆ ಇದೆ ಅಂತ ನಾನು ಸುಳ್ಳು ಹೇಳಲ್ಲ. ಆದರೆ ಇನ್ನೆರಡು ವಿಷಯ ನಾವು ಕೂತು ಮಾತಾಡ್ಬೇಕು. ಅದಕ್ಕೆ ಮೊದಲು ಹೇಳಿ. ಆಪರೇಷನ್ ಆದ್ಮೇಲೆ ನಿಮಗೆ ಯಾವುದು ಚೆನ್ನಾಗಿರ್ಬೇಕು?"

"ಜೀವ, ಮೇಡಂ," ಅಂದ ಮಲ್ಲಪ್ಪ.

"ಅದು ನನಗೂ ಮೊದಲನೇದು. ಅದಾದ ಮೇಲೆ?"

ಆಗಲೇ ರೇಣುಕಾ 'ಕಾಲು' ಅಂದದ್ದು.

ಅವಳ ಚಿಗವ್ವನಿಗೆ (ಚಿಕ್ಕಮ್ಮನಿಗೆ) ಹಿಂದೆ ಇಂಥದ್ದೇ ಆಪರೇಷನ್ ಆಗಿತ್ತಂತೆ. ಜೀವ ಉಳಿಯಿತು. ಆದರೆ ಕಾಲು ಬಾತುಕೊಳ್ಳತೊಡಗಿತು. ಚಪ್ಪಲಿ ಹಿಡಿಸದಾಯಿತು. ಆಕೆ ಮತ್ತೆ ಹೊಲಕ್ಕೆ ಹೋಗಲೇ ಇಲ್ಲ. "ಕಾಲು ಕಂಬ ಆಗಿತ್ರಿ ಮೇಡಂ. ನಾ ಮುಂಜಾನಿಂದ ಸಂಜೀತನ ಪೆಡಲ್ ಒತ್ತಾಕಿ. ಕಾಲು ಹ್ವಾದ್ರ ನನ್ನ ಕೆಲಸಾನ ಹ್ವಾತು. ಮನ್ಯಾಗ ಕುಂತು ನಾ ಏನ್ ಮಾಡ್ಲಿ?"

ಡಾಕ್ಟರು ಪೆನ್ನು ಕೆಳಗಿಟ್ಟರು.

"ಇದು ನನಗೆ ಯಾವ ಸ್ಕ್ಯಾನಲ್ಲೂ ಕಾಣಿಸ್ತಿರ್ಲಿಲ್ಲ. ಹೇಳಿದ್ದು ಬಹಳ ಒಳ್ಳೇದಾಯ್ತು," ಅಂದರು.

ಆಮೇಲೆ ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಕ್ಯಾನ್ಸರ್ ಹರಡಿದೆಯೇ ಎಂದು ತಿಳಿಯಲು ಕಿಬ್ಬೊಟ್ಟೆಯ ಎರಡೂ ಬದಿಯ ಸಣ್ಣ ಗ್ರಂಥಿಗಳನ್ನು ತೆಗೆದು ನೋಡುತ್ತಾರೆ. ಕಾಲಿನ ನೀರು ಮೇಲಕ್ಕೆ ಹರಿಯುವುದೂ ಅವುಗಳ ಮೂಲಕವೇ. ತುಂಬಾ ತೆಗೆದರೆ ಕೆಲವರಿಗೆ ಕಾಲು ಬಾತುಕೊಳ್ಳುತ್ತದೆ. ಈಗ ಒಂದು ಬಣ್ಣ ಚುಚ್ಚಿ, ಅದು ಮೊದಲು ಹೋಗಿ ಸೇರುವ ಗ್ರಂಥಿಯನ್ನಷ್ಟೇ ಹುಡುಕಿ ತೆಗೆಯುವ ವಿಧಾನವಿದೆ. ಬಾವು ಬರುವ ಸಾಧ್ಯತೆ ಬಹಳ ಕಡಿಮೆ.

"ಆದರೆ ಕೆಲವೊಮ್ಮೆ ಒಂದು ಕಡೆ ಬಣ್ಣ ಕಾಣಿಸೋದೇ ಇಲ್ಲ," ಅಂದರು ಡಾಕ್ಟರು. "ಆಗ ಆ ಕಡೆಯ ಗ್ರಂಥಿಗಳನ್ನ ತೆಗೆದು ನೋಡ್ಲಾ, ಬಿಡ್ಲಾ? ಇದನ್ನ ಈಗ್ಲೇ ಮಾತಾಡ್ಬೇಕು. ಆಗ ನಿಮಗೆ ಎಚ್ಚರ ಇರಲ್ಲ, ಕೇಳೋಕಾಗಲ್ಲ."

ಎರಡನೆಯದು ಅಂಡಾಶಯ. ತೆಗೆದರೆ ಮುಟ್ಟು ನಿಂತವರಿಗೆ ಬರುವ ಮೈಬಿಸಿ, ಬೆವರು, ನಿದ್ದೆಗೇಡು ಎಲ್ಲ ಒಮ್ಮೆಲೇ ಶುರುವಾಗಬಹುದು, ಮೂಳೆಯನ್ನೂ ನೋಡಿಕೊಳ್ಳಬೇಕು. ಉಳಿಸಿಕೊಂಡರೆ ಅವೆಲ್ಲ ಇನ್ನಷ್ಟು ವರ್ಷ ಇರುವುದಿಲ್ಲ. ಆದರೆ ಮುಂದೆ ಅಲ್ಲಿ ತೊಂದರೆ ಕಾಣಿಸುವ ಚಿಕ್ಕ ಸಾಧ್ಯತೆಯೊಂದು ಉಳಿಯುತ್ತದೆ.

"ನೀವಾದ್ರ ಏನ್ ಮಾಡ್ತಿದ್ರಿ ಮೇಡಂ?" ರೇಣುಕಾ ನೇರವಾಗಿ ಕೇಳಿದಳು.

"ಗ್ರಂಥಿ ವಿಷಯದಲ್ಲಿ ನನ್ನ ಸಲಹೆ ಕೊಡ್ತೀನಿ. ಬಣ್ಣ ಕಾಣಿಸದೇ ಇರೋ ಕಡೆ ತೆಗೆದು ನೋಡೋದು ಸೇಫ್. ಅಂಡಾಶಯದ ವಿಷಯದಲ್ಲಿ ನಿಮಗೆ ಎರಡು ದಾರಿನೂ ಇದೆ. ನಿಮ್ಮ ಜೀವನ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಇವತ್ತೇ ಹೇಳ್ಬೇಡಿ. ಯೋಚನೆ ಮಾಡೋಷ್ಟು ಟೈಮ್ ಇದೆ. ಮುಂದಿನ ವಾರ ಬನ್ನಿ. ಅಷ್ಟರಲ್ಲಿ ನಾನೂ ಬೇರೆ ಡಾಕ್ಟರ ಜೊತೆ ಕೂತು ನಿಮ್ಮ ಕೇಸ್ ಚರ್ಚೆ ಮಾಡಿರ್ತೀನಿ."

ನನಗೆ ಹೊಸದಾಗಿ ಕಂಡದ್ದು ಇದು. 'ನಾ ಹೇಳಿದ್ದು ಮಾಡಿಸ್ಕೊಳಿ' ಎನ್ನುವ ಡಾಕ್ಟರನ್ನು ನೋಡಿದ್ದೇನೆ. 'ಏನು ಬೇಕೋ ಹೇಳಿ' ಎಂದು ಎಲ್ಲವನ್ನೂ ನಮ್ಮ ತಲೆಗೇ ಕಟ್ಟಿ ಗಡಿಯಾರ ನೋಡುವವರನ್ನೂ ನೋಡಿದ್ದೇನೆ. ಗೊತ್ತಿದ್ದ ಕಡೆ ಗಟ್ಟಿಯಾಗಿ ಸಲಹೆ ಕೊಟ್ಟು, ಎರಡೂ ಸರಿಯಿದ್ದ ಕಡೆ ಸುಮ್ಮನೆ ಕಾಯುವವರನ್ನು ನೋಡಿದ್ದು ಇದೇ ಮೊದಲು.

ಆದರೆ ಆ ವಾರ ಮಲ್ಲಪ್ಪನಿಗೆ ನಿದ್ದೆಯಿಲ್ಲ. ಊರಿಂದ ಅವನ ಅಕ್ಕ ಫೋನ್ ಮಾಡಿ ಬೈದಳಂತೆ. 'ಹೆಂಗಸನ್ನ ಕೇಳಿ ಮಾಡೂ ಆಪರೇಷನ್ ಎಲ್ಲಿ ಐತಿ?' ಒಂದು ಸಂಜೆ ಅವನು ನಮ್ಮ ಬಾಗಿಲಿಗೆ ಬಂದು ನಿಂತ. ಒಳಗೆ ಬಾ ಅಂದರೂ ಬರಲಿಲ್ಲ.

"ಅಕ್ಕಾರ, ಅಷ್ಟು ಓದಿದ ಡಾಕ್ಟರು ಆಕಿನ್ನ ಯಾಕ ಕೇಳ್ತಾರ? ಅವರಿಗೇ ಗೊತ್ತಿಲ್ಲೇನು? ಆಕಿ ತಪ್ಪು ಆರಿಸಿದ್ರ ಏನ್ ಮಾಡೂದು?"

ಅವನ ಕಣ್ಣಲ್ಲಿ ನೀರಿತ್ತು. "ಇದನ್ನೇ ಅವರನ್ನ ಕೇಳು," ಅಂದೆ.

ಕೇಳಿದ. ಮುಂದಿನ ವಾರ, ಕೋಣೆಯೊಳಗೆ ಹೋದ ಕೂಡಲೇ, ನಿಂತುಕೊಂಡೇ ಕೇಳಿದ. ಡಾಕ್ಟರು ಸಿಟ್ಟಾಗಲಿಲ್ಲ. ಕೂರಿಸಿ ಹೇಳಿದರು.

"ಮಲ್ಲಪ್ಪನವರೇ, ತಪ್ಪು ದಾರಿಯಾಗಿದ್ದಿದ್ರೆ ನಾನು ಅದನ್ನ ಅವರ ಮುಂದೆ ಇಡ್ತಾನೇ ಇರ್ಲಿಲ್ಲ. ರೇಡಿಯೇಷನ್ ಡಾಕ್ಟರು, ಕಿಮೋ ಡಾಕ್ಟರು, ಲ್ಯಾಬಿನವರು ಎಲ್ಲರೂ ಕೂತು ನೋಡಿದ್ದೀವಿ. ಅವರು ಯಾವುದನ್ನ ಆರಿಸಿದ್ರೂ ನಾನು ಜೊತೆಗೆ ಇರ್ತೀನಿ."

ಮಲ್ಲಪ್ಪನ ಕೈಯ ಟವೆಲ್ಲು ಹೆಗಲಿಗೆ ಹೋಯಿತು.

ರೇಣುಕಾ ತಯಾರಾಗಿಯೇ ಬಂದಿದ್ದಳು. ಬಣ್ಣದ ವಿಧಾನವೇ ಆಗಲಿ. ಒಂದು ಕಡೆ ಬಣ್ಣ ಕಾಣಿಸದಿದ್ದರೆ? "ಆ ಕಡಿ ತಗೀರಿ ಮೇಡಂ. ಒಂದು ಕಾಲು ಬಾತ್ರ ಬಾತ್ಕೊಳ್ಲಿ. ಒಳಗ ಏನೈತೋ ಗೊತ್ತಿಲ್ದಂಗ ಇರಾಕ ಆಗೂದಿಲ್ಲ."

"ಅಂಡಾಶಯ?"

"ಅವನ್ನೂ ತಗದ್ ಬಿಡ್ರಿ."

ನನಗೆ ಆಶ್ಚರ್ಯ. ಸ್ವಲ್ಪ ಬೇಜಾರೂ ಆಯಿತು ಅನ್ನಿ. ಅಷ್ಟೆಲ್ಲ ಓದಿ ಹೇಳಿದ್ದೆನಲ್ಲ! ಹೊರಗೆ ಬಂದ ಮೇಲೆ ಕೇಳಿಯೇಬಿಟ್ಟೆ.

"ಅಕ್ಕಾರ, ಸೆಕಿ ಆದ್ರ ತಡಕೋತೀನಿ," ಅಂದಳು. "ಆದ್ರ ಹೊಟ್ಟ್ಯಾಗ ಚುಳ್ ಅಂದಾಗೊಮ್ಮೆ ಅಲ್ಲೇನಾರ ಆತೇನು ಅಂತ ಅಂಜೂದು ನನ್ನ ಕೈಲಾಗೂದಿಲ್ಲ. ನಾ ಅಂಜುಬುರುಕಿ, ನನಗ ಗೊತ್ತೈತಿ."

ಅವಳ ಜಾಗದಲ್ಲಿ ನಾನಿದ್ದಿದ್ದರೆ ಉಳಿಸಿಕೊಳ್ಳುತ್ತಿದ್ದೆ. ಈಗಲೂ ಹಾಗೇ ಅನಿಸುತ್ತದೆ. ಆದರೆ ಅದು ನನ್ನ ಹೊಟ್ಟೆಯಲ್ಲವಲ್ಲ?

ಆಪರೇಷನ್ ದಿನ ನಾನೂ ಮಲ್ಲಪ್ಪನೂ ಹೊರಗೆ ಕೂತಿದ್ದೆವು. ಅವನು ತರಿಸಿದ ಟೀ ಅವನ ಕೈಯಲ್ಲೇ ತಣ್ಣಗಾಯಿತು. ಕೊನೆಗೆ ಡಾಕ್ಟರು ಹಸಿರು ಟೋಪಿಯಲ್ಲೇ ಹೊರಗೆ ಬಂದರು.

"ಚೆನ್ನಾಗಾಯ್ತು. ಬಲಗಡೆ ಬಣ್ಣ ಚೆನ್ನಾಗಿ ಬಂತು, ಅಲ್ಲಿ ಸಣ್ಣದೊಂದು ತೆಗೆದಿದ್ದಷ್ಟೇ. ಎಡಗಡೆ ಕಾಣಿಸ್ಲಿಲ್ಲ. ಅವರು ಹೇಳಿದ ಹಾಗೇ ಮಾಡಿದೀನಿ."

ಅವರು ಒಳಗೆ ಹೋದ ಮೇಲೆ ಮಲ್ಲಪ್ಪ ಆ ತಣ್ಣನೆಯ ಟೀಯನ್ನೇ ಕುಡಿದು ಮುಗಿಸಿದ. ಆಮೇಲೆ ಅಂದ: "ಆಪರೇಷನ್ ನಡುವ ಹೊರಗ ಬಂದು ನನ್ನ ಕೇಳಿದ್ರ ನಾ ಏನ್ ಹೇಳ್ತಿದ್ನಿರಿ ಅಕ್ಕಾರ? ಆಕಿ ಮೊದಲ ಹೇಳಿದ್ದು ಚಲೋ ಆತು."

ಗ್ರಂಥಿಗಳಲ್ಲಿ ಏನೂ ಇರಲಿಲ್ಲ. ಕಿಮೋ ಬೇಡ, 'ಕರೆಂಟ್ ಇಡುವುದೂ' ಬೇಡ (ನಮ್ಮ ಜನ ರೇಡಿಯೇಷನ್‌ಗೆ ಹಾಗೇ ಅನ್ನುವುದು), ಆಗಾಗ ಬಂದು ತೋರಿಸಿಕೊಂಡು ಹೋದರೆ ಸಾಕು ಅಂದರು ಡಾಕ್ಟರು. ಸುದ್ದಿ ತಿಳಿದ ದಿನ ಮಹಡಿಯ ಮೇಲಿಂದ ನಮ್ಮ ಮನೆಗೆ ಹೋಳಿಗೆ ಬಂತು. ಫೋನಿನಲ್ಲಿ ಮಗಳ ಜೊತೆ ಮಾತಾಡುತ್ತಾ ರೇಣುಕಾ ಅತ್ತದ್ದನ್ನು ನಾನು ನೋಡಿದ್ದು ಆವತ್ತೊಂದೇ ದಿನ.

ಎಲ್ಲವೂ ಸುಸೂತ್ರ ಎಂದರೆ ಸುಳ್ಳಾಗುತ್ತದೆ. ಕೆಲವು ಸಂಜೆ ಅವಳ ಎಡಗಾಲು ಸ್ವಲ್ಪ ಬಾತಿರುತ್ತದೆ. ಫಿಸಿಯೋಥೆರಪಿಯವರು ವ್ಯಾಯಾಮ ಕಲಿಸಿದ್ದಾರೆ, ಬಿಗಿ ಕಾಲುಚೀಲ ಕೊಟ್ಟಿದ್ದಾರೆ. ಮೈಬಿಸಿಯೂ ಶುರುವಾಗಿದೆ. "ಒಲಿ ಮುಂದ ಕುಂತಂಗ ಆಗ್ತೈತ್ರಿ," ಅನ್ನುತ್ತಾಳೆ. ಅದಕ್ಕೂ ಡಾಕ್ಟರ ಬಳಿ ಔಷಧಿಯಿದೆ. ಚೇತರಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದಾಳೆ. ಸೂಪರ್‌ವೈಸರನ್ನು ತಾನೇ ಕೇಳಿ, ನಡುನಡುವೆ ಎದ್ದು ಓಡಾಡಲು ಒಪ್ಪಿಗೆ ಪಡೆದಿದ್ದಾಳೆ. ಮೊದಲಿನ ರೇಣುಕಾ ಕೇಳುತ್ತಿರಲಿಲ್ಲ. ಬಾತ ಕಾಲಲ್ಲೇ ಕೂತಿರುತ್ತಿದ್ದಳು.

ಇದನ್ನೆಲ್ಲ ಅಂಕಣದಲ್ಲಿ ಬರೆಯಲಾ ಎಂದು ಕೇಳಿದೆ. "ಬರೀರಿ. ಹೆಸರು ಬ್ಯಾರೆ ಹಾಕ್ರಿ," ಅಂದಳು. ಹಾಕಿದ್ದೇನೆ.

ಮೊನ್ನೆ ಅವಳ ಲೈನಿನಲ್ಲಿ ಹೊಲಿಯುವ ಹೆಂಗಸೊಬ್ಬಳು, ತನಗೂ ಹೀಗೇ ರಕ್ತ ಹೋಗುತ್ತಿದೆ ಎಂದು ಅವಳ ಕಿವಿಯಲ್ಲಿ ಹೇಳಿದಳಂತೆ. ರೇಣುಕಾ ಮರುದಿನವೇ ಅವಳನ್ನು ಅದೇ ನರ್ಸಿಂಗ್ ಹೋಮ್‌ಗೆ ಕರೆದುಕೊಂಡು ಹೋದಳು. ಅಂಥದ್ದೇನೂ ಇರಲಿಲ್ಲ, ಸದ್ಯ. ಅಲ್ಲಿ ನೀನೇನು ಮಾಡಿದೆ ಎಂದು ಕೇಳಿದೆ.

"ಏನಿಲ್ರಿ ಅಕ್ಕಾರ, ಬಾಜೂಕ ಸುಮ್ನ ಕುಂತಿದ್ದೆ. ಮಾತಾಡಾಕ ಆಕಿಗೇ ಬಿಟ್ಟೆ."

ಈಗ ನೀವು ಹೇಳಿ. ನಿಮ್ಮ ಮನೆಯ ಹೆಣ್ಣುಮಗಳು ಡಾಕ್ಟರ ಮುಂದೆ ಕೂತಾಗ, ಅವಳ ಪರವಾಗಿ ಉತ್ತರ ಕೊಡುವವರು ಯಾರು?