ಚರ್ಚಿನ ಗೋಡೆಯ ಓರೆ ಕಿಂಡಿ

ಇಂಗ್ಲೆಂಡಿಗೆ ನಾನು ಹೋದವಳಲ್ಲ. ಚಳ್ಳಕೆರೆಯ ನಮ್ಮ ನಡುಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಕಟ್ಟಡಗಳ ನಕ್ಷೆ ಬಿಡಿಸುವುದು ನನ್ನ ಕೆಲಸ. ಡಿಪ್ಲೊಮಾ ಮುಗಿಸಿ ಕೆಲವು ವರ್ಷ ಊರಿನ ಮನೆಗಳ ನಕ್ಷೆ ಮಾಡಿದೆ. ಆಮೇಲೆ ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡುವ ಇಂಗ್ಲೆಂಡಿನ ಕಚೇರಿಯೊಂದರ ಕೆಲಸ ಸಿಕ್ಕಿತು. ಅಲ್ಲಿಂದ ಬರುವ ಫೋಟೊ, ಅಳತೆಗಳನ್ನು ನೋಡಿ ನಾನು ಗೆರೆ ಎಳೆಯಬೇಕು.

ಹಾಗೆ ಬಂದದ್ದು ಒಂದು ಹಳ್ಳಿಯ ಚರ್ಚು. ಪಶ್ಚಿಮಕ್ಕೆ ಗಂಟೆಯ ಗೋಪುರ, ನಡುವೆ ಜನ ಕೂರುವ ಉದ್ದನೆಯ ಹಜಾರ, ಪೂರ್ವದ ತುದಿಗೆ ಪೂಜೆಯ ಚಿಕ್ಕ ಕೋಣೆ, ಅದರಲ್ಲೊಂದು ಕಲ್ಲುಮೇಜು. ಹಜಾರಕ್ಕೂ ಕೋಣೆಗೂ ನಡುವೆ ದಪ್ಪ ಗೋಡೆ, ಅದರಲ್ಲೊಂದು ಚೂಪು ಕಮಾನು. ಜನ ಹೆಚ್ಚಾದಾಗ ಹಜಾರದ ಪಕ್ಕಕ್ಕೆ ಇನ್ನೊಂದು ಪಡಸಾಲೆ ಕಟ್ಟಿ ಸೇರಿಸಿದ್ದರು. ಕಮಾನಿನ ಬದಿಯ ಗೋಡೆಯಲ್ಲಿ ಗೇಣಗಲದ ಒಂದು ತೂತಿತ್ತು. ಕಲ್ಲು ಉದುರಿರಬೇಕೆಂದುಕೊಂಡು ಅದನ್ನು ಮುಚ್ಚಿ ಗೆರೆಯನ್ನು ನೆಟ್ಟಗೆ ಎಳೆದುಬಿಟ್ಟೆ.

ಆ ವಾರ ದೇವಸಮುದ್ರದಿಂದ ನನ್ನ ಸೋದರಮಾವ ಬಂದಿದ್ದರು, ಮೊಣಕಾಲು ನೋವಿಗೆ ಡಾಕ್ಟರಿಗೆ ತೋರಿಸಲು. ಜೀವನವೆಲ್ಲ ಕಲ್ಲಿನ ಗೋಡೆ ಕಟ್ಟಿದವರು. ಚಹಾ ಹಿಡಿದು ನನ್ನ ಹಿಂದೆ ಬಂದು ನಿಂತರು.

"ಇದು ಯಾರ ಮನೆಯವ್ವಾ?"

"ಮನೆಯಲ್ಲ ಮಾವ, ಚರ್ಚು. ಐದಾರು ನೂರು ವರ್ಷ ಹಳೇದು."

"ಇನ್ನೂ ನಿಂತೈತಾ? ಶಭಾಷ್!" ಎಂದು ಫೋಟೊಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ನಕ್ಷೆಯ ಮೇಲೆ ಬೆರಳಿಟ್ಟರು. "ಇಲ್ಲೊಂದು ಕಿಂಡಿ ಇತ್ತಲ್ಲ, ಎಲ್ಲಿ ಹೋಯ್ತು?"

"ಕಲ್ಲು ಬಿದ್ದಿರಬೇಕು ಅಂತ ಮುಚ್ಚಿದೆ."

"ಬಿದ್ದಿದ್ರೆ ಅಂಚು ಇಷ್ಟು ನುಣ್ಣಗೆ ಇರ್ತೈತಾ? ಉಳಿಯಾಗೆ ಕೆತ್ತಿದಾರೆ. ಬೇಕಂತ್ಲೇ ಓರೆ ಮಾಡಿದಾರೆ. ಅದರೊಳಗಿಂದ ಒಂದು ದಾರ ಎಳೆದು ನೋಡು."

ಗೆರೆ ಎಳೆದೆ. ಪಕ್ಕದ ಪಡಸಾಲೆಯಿಂದ ಹೊರಟು, ಗೋಡೆಯನ್ನು ಓರೆಯಾಗಿ ದಾಟಿ, ಸೀದಾ ಪೂಜೆಯ ಕಲ್ಲುಮೇಜಿಗೆ ಹೋಗಿ ಮುಟ್ಟಿತು.

"ಪಕ್ಕದಾಗೆ ನಿಂತೋರಿಗೂ ಪೂಜೆ ಕಾಣ್ಲಿ ಅಂತ ಮಾಡಿದಾನೆ ಪುಣ್ಯಾತ್ಮ," ಎಂದರು ಮಾವ. ಚಹಾದ ಲೋಟ ಕೆಳಗಿಟ್ಟರು. "ನಮ್ಮಪ್ಪ, ಅದೇ ನಿಮ್ಮಜ್ಜ, ಊರ ಗುಡಿ ಗೋಡೆ ಕಟ್ಟಿದ. ಕಟ್ಟಿದ ಮ್ಯಾಲೆ ದೂರ ನಿಂತು ಕೈ ಮುಗಿಬೇಕಿತ್ತು. ಒಳಗಿನ ದೀಪ ಒಂದಿನಾನೂ ಕಾಣ್ಲಿಲ್ಲ ಅವನಿಗೆ."

ಈ ಮಾತನ್ನು ಅವ್ವ ನನಗೆಂದೂ ಹೇಳಿರಲಿಲ್ಲ. ಅವರ ಕೈ ಹಿಡಿದುಕೊಂಡೆ. ಸುಣ್ಣ, ಸಿಮೆಂಟು ತಿಂದು ಒರಟಾದ ಕೈ.

ಕಿಂಡಿಯನ್ನು ನಕ್ಷೆಯಲ್ಲಿ ಮತ್ತೆ ತೆರೆದೆ. ನನ್ನ ತಪ್ಪನ್ನೂ ಅದನ್ನು ಹಿಡಿದವರು ಯಾರೆಂಬುದನ್ನೂ ಕಚೇರಿಗೆ ಬರೆದೆ. ಅಂಥ ಕಿಂಡಿಗಳು ಅಲ್ಲಿಯ ಹಲವು ಹಳೆಯ ಚರ್ಚುಗಳಲ್ಲಿವೆಯಂತೆ. ನಕ್ಷೆಯಲ್ಲಿ ಪರಿಶೀಲಿಸಿದವರು ಎಂಬಲ್ಲಿ ನಿಮ್ಮ ಮಾವನ ಹೆಸರು ಹಾಕಿ ಎಂದು ಉತ್ತರ ಬಂತು.

"ನಾನೇನು ಓದಿದೋನಾ? ನನ್ನ ಹೆಸರು ಯಾಕವ್ವಾ?" ಎಂದು ಮಾವ ನಾಚಿಕೊಂಡರು. ಆದರೆ ಹೊರಡುವ ದಿನ ತಾವೇ ಒಂದು ಪ್ರತಿ ಕೇಳಿದರು. ಪ್ರಿಂಟು ತೆಗೆಸಿ, ಸುರುಳಿ ಸುತ್ತಿ ಕೊಟ್ಟೆ. ಬಸ್ ಸ್ಟ್ಯಾಂಡಿನಲ್ಲಿ ಚೀಲವನ್ನು ನನ್ನ ಕೈಗೆ ಕೊಟ್ಟರೂ ಆ ಸುರುಳಿಯನ್ನು ಕೊಡಲಿಲ್ಲ.

"ಇನ್ನೊಂದು ಚರ್ಚು ಬಂದ್ರೆ ಫೋನ್ ಮಾಡು, ಬರ್ತೀನಿ," ಎಂದರು ಕಿಟಕಿಯಿಂದ. ಆಮೇಲೆ ಬಂದ ಎರಡು ಚರ್ಚುಗಳ ನಕ್ಷೆಗಳನ್ನೂ ಅವರಿಗೆ ತೋರಿಸಿಯೇ ಕಚೇರಿಗೆ ಕಳಿಸಿದ್ದೇನೆ.