ಕಾರು ನಿಂತಿತ್ತು, ಸರಳಾ

ಸರಳಾ, ಅವತ್ತು ನಿನ್ನ ಮೇಲೆ ಬಂದದ್ದು ಕಾರಲ್ಲ, ನಾನು.

ತಾನೇ ಓಡುವ ಕಾರು, ತಾನೇ ನುಗ್ಗಿತು — ಇಷ್ಟು ವರ್ಷ ಎಲ್ಲರಿಗೂ ಇದನ್ನೇ ಹೇಳಿದೆ. ಪೇರ್ಲ್ಯಾಂಡಿನ ನಮ್ಮ ಮನೆ ಮುಂದೆ, ಪೊಲೀಸರಿಗೂ ಹೇಳಿದೆ. ಬಿಳಿ ಕೂದಲು, ಕಾನ್ವೆಂಟ್ ಇಂಗ್ಲಿಷ್ — ಯಾರು ಅನುಮಾನಿಸುತ್ತಾರೆ?

ಹೊಸ ಕಾರಿನ ಪೂಜೆ. ಭಟ್ಟರು ಆಸ್ಟಿನ್‌ನಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದರು. ನೀನೇ ಕುಂಕುಮ ಹಚ್ಚಿ, ಆರತಿ ಎತ್ತಿ, ಚಕ್ರಗಳಿಗೆ ನಿಂಬೆಹಣ್ಣು ಇಟ್ಟೆ. ನಾನು ಒಳಗೆ, ಏಸಿ ಹಾಕಿ ಗಾಜು ಏರಿಸಿಕೊಂಡು ಕೂತಿದ್ದೆ. ಹೊರಡು ಎಂದರೆ ಕಾರು ಹೊರಡಲಿಲ್ಲ. ಕುಂಯ್ಗುಟ್ಟಿತು. ಮುಂದೆ ಯಾರೋ ಇದ್ದಾರೆ ಎಂದು ಪರದೆಯ ಮೇಲೆ ಕೆಂಪಗೆ ತೋರಿಸಿತು.

"ನಿಂಬೆಹಣ್ಣಿಗೂ ಹೆದರುತ್ತಲ್ಲ, ಸ್ಟುಪಿಡ್ ಥಿಂಗ್!"

ಹಾಗೆಂದು — ಅದನ್ನು ಸುಮ್ಮನಾಗಿಸಿ, ನಾನೇ ಆಕ್ಸಿಲರೇಟರ್ ಒತ್ತಿದೆ. ಉರುಳಿದ ಹಣ್ಣನ್ನು ಸರಿಮಾಡಲು ನೀನು ಬಾಗಿದ್ದೆ. ನನಗೆ ಕಾಣಲಿಲ್ಲ. ಅದಕ್ಕೆ ಕಂಡಿತ್ತು.

ಕಾರಿನ ಡೇಟಾ ತೆಗೆಸಿದ್ದರೆ ಎಲ್ಲ ತಿಳಿಯುತ್ತಿತ್ತು. ಆದರೆ ಗೆಳತಿಯ ಮನೆಯ ಮೇಲೆ ಕಂಪ್ಲೇಂಟ್ ಬೇಡ ಎಂದೆ ನೀನು, ಸೊಂಟ ಮುರಿದುಕೊಂಡವಳು. ವಾಕರ್ ದೂಡಿಕೊಂಡು ಬಂದು ನನ್ನನ್ನೇ ನಗಿಸುತ್ತೀಯ: "ನಿನ್ನ ಕಾರನ್ನ ಜೈಲಿಗೆ ಹಾಕಿದ್ರೆ, ಅಲ್ಲಿ ಚಾರ್ಜಿಂಗ್ ಕೊಡ್ತಾರೇನೇ?" ನಾನು — ನಕ್ಕಿದ್ದೇನೆ ಕೂಡ.

ಡಲ್ಲಾಸ್‌ನಲ್ಲಿ ಲಾಯರ್ ಆಗಿರುವ ಮಗಳಿಗೆ ಮೊನ್ನೆ ಹೇಳಿಬಿಟ್ಟೆ. "ಅಮ್ಮಾ, ಪ್ಲೀಸ್! ಎಐ ತಪ್ಪಾ, ಕಂಪನಿ ತಪ್ಪಾ, ಕೂತವರ ತಪ್ಪಾ — ಕಾನೂನಿಗೇ ಇನ್ನೂ ಕ್ಲಿಯರ್ ಇಲ್ಲ. ನೀನ್ಯಾಕೆ ಮಧ್ಯ ಹೋಗ್ತೀಯ? ಸುಮ್ನಿರು."

ಸುಮ್ಮನಿರಲಾರೆ. ಯಂತ್ರವನ್ನು ಕಟಕಟೆ ಹತ್ತಿಸಬೇಕೋ, ಅದನ್ನು ಮಾಡಿದವರನ್ನೋ — ತಿಳಿದವರು ತೀರ್ಮಾನಿಸಲಿ. ಆದರೆ ನನ್ನ ಜಾಗದಲ್ಲಿ ಅದನ್ನು ನಿಲ್ಲಿಸಲು ಯಾರಿಗೂ ಬಿಡುವುದಿಲ್ಲ, ಹೆತ್ತ ಮಗಳಿಗೂ. ಅಪರಾಧಕ್ಕೆ ಒಂದು ಮನಸ್ಸು ಬೇಕಂತೆ. ಅವತ್ತು ಆ ಕಾರಿನಲ್ಲಿ ಇದ್ದದ್ದು ಒಂದೇ ಮನಸ್ಸು. ತಪ್ಪು ಮಾಡಿದ್ದೂ ಅದೇ, ಮರುಕ್ಷಣವೇ ಸುಳ್ಳು ಹೊಸೆದದ್ದೂ ಅದೇ. ಪಾಪ, ಕಾರಿಗೆ ಸುಳ್ಳು ಹೇಳಲು ಬರುವುದಿಲ್ಲ. ಯಾರಾದರೂ ಕೇಳಿದ್ದರೆ ನಿಜವನ್ನೇ ಹೇಳುತ್ತಿತ್ತು.

ಸ್ಕೂಲಿನಲ್ಲಿ ಕನ್ಫೆಷನ್‌ಗೆ ಸಾಲು ನಿಂತ ಹುಡುಗಿಯರನ್ನು ನೋಡಿ, ಚಾಪೆಲ್ ಹೊರಗೆ ನಾವಿಬ್ಬರೂ ಕಿಸಿಕಿಸಿ ನಗುತ್ತಿದ್ದೆವಲ್ಲ... ನೆನಪಿದೆಯಾ? ಈಗ ಆ ಸಾಲಿನಲ್ಲಿ ನಾನೊಬ್ಬಳೇ.

ಕ್ಷಮಿಸು ಎನ್ನುವುದಿಲ್ಲ. ನಾಳೆ ಮೊದಲು ನಿನ್ನ ಮನೆಗೆ, ಆಮೇಲೆ ಪೊಲೀಸ್ ಸ್ಟೇಷನ್‌ಗೆ. ಆ ಕಾರಿನಲ್ಲೇ ಬರುತ್ತೇನೆ. ದಾರಿಯಲ್ಲಿ ಅದು ನಿಂತರೆ, ಈ ಸಲ ನಾನೂ ನಿಲ್ಲುತ್ತೇನೆ.