ಚಿತ್ತಾಪುರ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಕಾರ್ಯಕ್ರಮ

ಶಹಾಬಾದಿನಲ್ಲಿ ನನ್ನದೊಂದು ರೆಕಾರ್ಡಿಂಗ್ ರೂಮಿದೆ. ಬೋರ್ಡಿನಲ್ಲಿ ಸ್ಟುಡಿಯೋ ಎಂದು ಬರೆಸಿದ್ದೇನೆ. ಒಳಗೆ ಬಂದು ನೋಡಿದವರು ರೂಮು ಎಂದೇ ಕರೆಯುತ್ತಾರೆ, ಅದೇ ಸರಿ. ಆಟೋಕ್ಕೆ ಮೈಕ್ ಕಟ್ಟಿಕೊಂಡು ಊರೂರು ತಿರುಗುತ್ತಾರಲ್ಲ, ಆ ಪ್ರಚಾರಕ್ಕೆ ದನಿ ಕೊಡುವುದು ನನ್ನ ಉದ್ಯೋಗ. ವಾಡಿಯಲ್ಲಿ ಸೀರೆ ಅಂಗಡಿ ತೆರೆದರೆ, ಸೇಡಂನಲ್ಲಿ ಕಣ್ಣಿನ ತಪಾಸಣೆ ಇಟ್ಟರೆ, ಚಿಂಚೋಳಿಯಲ್ಲಿ ಯಾರಾದರೂ ಚುನಾವಣೆಗೆ ನಿಂತರೆ ಜನ ಕೇಳುವುದು ನನ್ನನ್ನೇ. ಎಲ್ಲ ಪಕ್ಷದವರಿಗೂ ಹಾಡು ಮಾಡಿಕೊಟ್ಟಿದ್ದೇನೆ. ಟ್ಯೂನ್ ಒಂದೇ ಇರುತ್ತದೆ, ಚಿಹ್ನೆಯ ಹೆಸರು ಮಾತ್ರ ಬದಲಾಗುತ್ತದೆ. ಇದನ್ನು ಇಬ್ಬರು ಅಭ್ಯರ್ಥಿಗಳು ಕಂಡುಹಿಡಿದು ಒಟ್ಟಿಗೆ ಜಗಳಕ್ಕೆ ಬಂದಿದ್ದರು. ಜಗಳ ಮುಗಿದ ಮೇಲೆ ಇಬ್ಬರೂ ಅದೇ ಹಾಡನ್ನು ಒಯ್ದರು.

ಈ ದನಿಗೆ ಇನ್ನೊಂದು ಕೆಲಸವಿತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ವಾರಕ್ಕೊಂದು ಸಲ ನಾನೂ ಅವನೂ ಕೂತು ಇಂಟರ್ನೆಟ್ಟಿಗೆ ಒಂದು ಕಾರ್ಯಕ್ರಮ ಮಾಡಿ ಹಾಕುತ್ತಿದ್ದೆವು. ಅವನು ಚಿಂಚೋಳಿ ತಾಲೂಕಿನ ಒಂದು ಹಳ್ಳಿಯಲ್ಲಿ ಸರಕಾರಿ ಶಾಲೆಯ ಮಾಸ್ತರ. ಸ್ವಂತ ಊರು ಗುಂಡಗುರ್ತಿ ಕಡೆ, ಅಲ್ಲಿ ತಾಯಿ ಇದ್ದರು. ಶನಿವಾರ ಬೆಳಗಿನ ಶಾಲೆ ಮುಗಿಸಿ, ಎರಡು ಬಸ್ಸು ಬದಲಿಸಿ ನನ್ನ ರೂಮಿಗೆ ಬರುತ್ತಿದ್ದ, ಭಾನುವಾರ ಹೋಗುತ್ತಿದ್ದ. ಹೀಗೆ ಆರು ವರ್ಷ. ಓಣಿಯವರ ಲೆಕ್ಕದಲ್ಲಿ ಅವನು ನನ್ನ ಗೆಳೆಯ. ಓಣಿಯವರ ಲೆಕ್ಕ ತಪ್ಪಲ್ಲ, ಆದರೆ ಅಷ್ಟೇ ಅಲ್ಲ.

ಕಾರ್ಯಕ್ರಮದಲ್ಲಿ ಸಿನಿಮಾ ಸುದ್ದಿ ಮತ್ತು ಸಂಗೀತ ನನ್ನದು, ರಾಜಕೀಯ ಅವನದು. ಯಾವ ದೇಶದ ಯಾವ ಹಾಡುಗಾರ ತಾನು ಗೇ ಎಂದು ಹೇಳಿಕೊಂಡ, ಹೇಳಿಕೊಂಡ ಮೇಲೆ ಅವನ ಹಾಡು ಸುಧಾರಿಸಿತೋ ಕೆಟ್ಟಿತೋ, ಮುಂಬೈ ವಿಮಾನ ನಿಲ್ದಾಣದಲ್ಲಿ ಯಾವ ಹೀರೋ ಯಾವ ‘ಬಾಲ್ಯ ಸ್ನೇಹಿತ’ನ ಜೊತೆ ಇಳಿದ, ಇದೆಲ್ಲ ನನ್ನ ಬಾಯಿಗೆ ಸೇರಿದ್ದು. ನಮ್ಮ ಕನ್ನಡದ ನಟರನ್ನು ಪತ್ರಿಕೆಯವರು ಈ ಬಗ್ಗೆ ಏನಾದರೂ ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಉತ್ತರ ಕೊಡುತ್ತಾರೆ. ಆ ಉತ್ತರಗಳನ್ನು ನಾನು ಅವರದೇ ಧಾಟಿಯಲ್ಲಿ ಹೇಳಿ ತೋರಿಸುತ್ತಿದ್ದೆ. ನನ್ನದೊಂದು ಸಿದ್ಧಾಂತವೂ ಇತ್ತು. ಲೋಕದ ಯಾವ ಮೂಲೆಗೆ ಹೋದರೂ ನಮ್ಮಂಥವರು ಒಂದೇ ನಮೂನೆಯ ಹಾಡುಗಾರ್ತಿಯನ್ನು ಪೂಜೆ ಮಾಡುತ್ತಾರೆ: ಗಂಡಸರಿಂದ ಮೋಸ ಹೋದವಳು, ಎರಡು ವರ್ಷ ಮಾಯವಾದವಳು, ಆಮೇಲೆ ಮೈತುಂಬ ಮಿಂಚು ಹಚ್ಚಿಕೊಂಡು ವೇದಿಕೆಗೆ ತಿರುಗಿ ಬಂದವಳು. ಶಹಾಬಾದಿನ ಮದುವೆಗಳಲ್ಲಿ ಆರ್ಕೆಸ್ಟ್ರಾದ ಹಾಡುಗಾರ್ತಿಯೊಬ್ಬರು ಹಾಗೆಯೇ ಇದ್ದರು. ನನ್ನ ವಯಸ್ಸಿನ ಹುಡುಗರು ಆಕೆಯನ್ನು ನೋಡುತ್ತಿದ್ದರು, ನಾನು ಆಕೆ ಮೈಕ್ ಹಿಡಿಯುವ ಕೈಯನ್ನು ನೋಡುತ್ತಿದ್ದೆ. ನನ್ನ ಉದ್ಯೋಗ ಅಲ್ಲೇ ನಿಶ್ಚಯವಾಗಿರಬೇಕು.

ಅವನಿಗೆ ಇಂಥ ಸಿದ್ಧಾಂತಗಳಿರಲಿಲ್ಲ. ಚುನಾವಣೆ ಬಂದರೆ ಎಲ್ಲ ಪಕ್ಷಗಳ ಪ್ರಣಾಳಿಕೆ ತರಿಸಿ, ಮಕ್ಕಳ ಉತ್ತರಪತ್ರಿಕೆ ತಿದ್ದುವವನ ಹಾಗೆ ಪೆನ್ನು ಹಿಡಿದು ಓದುತ್ತಿದ್ದ. “ತೊಗರಿಗೆ ಎರಡು ಸಾಲು ಅವ. ಕೆರಿ ಹೂಳಿಗೆ ಒಂದು ಸಾಲು ಅದ. ನಮಗ ಇಲ್ಲ. ತೊಗರಿಗಿಂತ ಸಣ್ಣ ಕಾಳ ಆದೆವು ನೋಡು,” ಎನ್ನುತ್ತಿದ್ದ. ಸಿಟ್ಟಿನಿಂದ ಹೇಳುತ್ತಿರಲಿಲ್ಲ. ಮಾಸ್ತರನ ದನಿಯಲ್ಲಿ, ಹಿಂದಿನ ಬೆಂಚಿಗೂ ಕೇಳುವ ಹಾಗೆ ಹೇಳುತ್ತಿದ್ದ.

ರೆಕಾರ್ಡಿಂಗು ನಡೆಯುತ್ತಿದ್ದುದು ಕರೆಂಟು ಹೋದಾಗ. ನಮ್ಮ ಸುತ್ತ ಕಲ್ಲು ಪಾಲಿಶ್ ಮಾಡುವ ಮಷಿನ್ನುಗಳಿವೆ. ಕರೆಂಟಿದ್ದರೆ ಅವು ಕಿರುಚುತ್ತಿರುತ್ತವೆ, ಕರೆಂಟು ಹೋದರೆ ಊರು ಗಪ್‌ಚಿಪ್. ಫ್ಯಾನೂ ನಿಲ್ಲುತ್ತದೆ. ಹಾಗಾಗಿ ಬಾಗಿಲು ಹಾಕಿಕೊಂಡು, ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ, ಬನಿಯನ್ನಿನಲ್ಲಿ ಬೆವರುತ್ತ ಲೋಕದ ತಾರೆಯರ ಉಡುಗೆ ತೊಡುಗೆಯ ವಿಮರ್ಶೆ ಮಾಡುತ್ತಿದ್ದೆವು. ಆಮೇಲೆ ನಾನು ಒಬ್ಬನೇ ಕೂತು ನನ್ನ ದನಿಯನ್ನು ದಪ್ಪ ಮಾಡಿ, ಅವನದನ್ನು ತೆಳ್ಳಗೆ ಮಾಡಿ, ಗುರುತು ಹತ್ತದಂತೆ ತಿರುಚಿ ಹಾಕುತ್ತಿದ್ದೆ. ಇದು ಅವನ ಷರತ್ತು. ಅವನ ಹೆದರಿಕೆ ಒಂದೇ: ಊರಲ್ಲಿ ತಾಯಿಗೆ ಗೊತ್ತಾದರೆ ಅವರು ತಲೆ ಎತ್ತಿ ತಿರುಗುವುದು ಹೇಗೆ? ಗೊತ್ತಾದ ದಿನವೇ ಶನಿವಾರಗಳು ಮುಗಿದವು ಎಂದು ಮೊದಲೇ ಹೇಳಿಟ್ಟಿದ್ದ.

ದೊಡ್ಡ ಕೋರ್ಟು ನಮ್ಮಂಥವರ ಮದುವೆಯ ಮಾತನ್ನು ಸಂಸತ್ತಿಗೆ ಬಿಟ್ಟು ಕೈ ತೊಳೆದುಕೊಂಡಿತಲ್ಲ, ಆ ತೀರ್ಪಿನ ಬಗ್ಗೆ ಒಂದು ಶನಿವಾರ ಮಾತಾಡಿದೆವು. ನಾನು ತಮಾಷೆ ಮಾಡುತ್ತಿದ್ದೆ, ಎರಡೂ ಕಡೆಯವರು ಗಂಡಿನ ಕಡೆಯವರೇ ಆದರೆ ಊಟದಲ್ಲಿ ತಪ್ಪು ಹುಡುಕಿದಾಗ ಬೈಸಿಕೊಳ್ಳುವವರು ಯಾರು ಎಂದು. ಅವನು ನಡುವೆ ಬಾಯಿ ಹಾಕಿ ಹೇಳಿದ: “ಕೋರ್ಟು ಕೊಡಲಿ ಬಿಡಲಿ. ನನಗ ಪೆಂಡಾಲ್ ಬ್ಯಾಡ, ಬಾಜಾ ಬ್ಯಾಡ. ಶನಿವಾರ ಇವನ ಮುಂದ ಕುಂತು ಮಾತಾಡ್ತೀನಲ್ಲ, ಅದರ ಮ್ಯಾಲೆ ನಂದು ವಾರ ಪೂರಾ ನಡೀತದ.” ಆ ಭಾಗವನ್ನು ಮನೆಯಲ್ಲಿ ಇನ್ನೊಮ್ಮೆ ಕೇಳಬೇಕೆನ್ನಿಸಿತು. ದನಿ ತಿರುಚುವ ಮೊದಲಿನ ರೆಕಾರ್ಡಿಂಗನ್ನೇ ಒಂದು ಪೆನ್‌ಡ್ರೈವಿಗೆ ಹಾಕಿ, ಕಂಪ್ಯೂಟರಿನಲ್ಲಿ ಕಾಣದ ಹಾಗೆ ಮರೆಮಾಡಿ ಇಟ್ಟುಕೊಂಡೆ.

ಆಮೇಲೆ ಮಾಡಿದ್ದು ನಮ್ಮ ಕಸುಬಿನವರು ಮಾತ್ರ ಮಾಡಬಲ್ಲ ತಪ್ಪು. ಸೋಮವಾರ ಚಿತ್ತಾಪುರ ಕಡೆಯ ಒಂದು ಸೊಸೈಟಿ ಚುನಾವಣೆಯ ಅಭ್ಯರ್ಥಿಗೆ ಅರ್ಜೆಂಟಾಗಿ ಪ್ರಚಾರದ ಹಾಡು ಬೇಕಿತ್ತು. ಕೈಗೆ ಸಿಕ್ಕ ಪೆನ್‌ಡ್ರೈವ್ ತೆಗೆದು ನೋಡಿದೆ, ಖಾಲಿ ಕಂಡಿತು. ಹಾಡು ತುಂಬಿಸಿ ಆಟೋ ಚಾಚಾನ ಕೈಗೆ ಕೊಟ್ಟೆ. ಮರೆಮಾಡಿದ್ದು ಕಂಪ್ಯೂಟರಿಗೆ ಮರೆಯೇ ಹೊರತು ಆಟೋದ ಮಷಿನ್ನಿಗೆ ಅಲ್ಲ. ಅದಕ್ಕೆ ಕಣ್ಣಿಲ್ಲ, ಹೊಟ್ಟೆಗೆ ಹಾಕಿದ್ದನ್ನೆಲ್ಲ ಒಂದಾದ ಮೇಲೊಂದು ಹಾಡುತ್ತ ಹೋಗುತ್ತದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅನ್ನುತ್ತಾರೆ, ನಾನು ಕಣ್ಣು ಮುಚ್ಚಿ ಹಾಲನ್ನು ಬಜಾರಿಗೇ ಕಳಿಸಿದ್ದೆ.

ಅರವತ್ತು ದಾಟಿದ ಆ ಚಾಚಾ ಹತ್ತು ವರ್ಷದಿಂದ ನನ್ನ ದನಿಯನ್ನು ಹೊತ್ತು ತಿರುಗುತ್ತಿದ್ದಾರೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಚಿತ್ತಾಪುರ ಬಸ್ ಸ್ಟ್ಯಾಂಡಿನ ಎದುರು, ಅಭ್ಯರ್ಥಿಯ ಹಾಡು ಮುಗಿದದ್ದೇ ನಮ್ಮ ಕಾರ್ಯಕ್ರಮ ಶುರುವಾಗಿತ್ತು. ತಾಲೂಕು ಕಚೇರಿಗೆ ಬಂದ ಮಂದಿ, ವಕೀಲರು, ಸಂತೆಯವರು ನಿಂತು ಕೇಳಿದ್ದರು. ಸಂಜೆ ಚಾಚಾ ಬಂದು ಪೆನ್‌ಡ್ರೈವನ್ನು ನನ್ನ ಟೇಬಲ್ಲಿನ ಮೇಲೆ ಮೆಲ್ಲಗೆ ಇಟ್ಟರು.

“ಇದರಾಗ ನೀವೂ ಆ ಮಾಸ್ತರೂ ಮಾತಾಡ್ಲಿಕತ್ತಿದ್ರಿ, ಭಾಯ್.”

“ಬಂದ್ ಮಾಡಬೇಕಿತ್ತಿಲ್ಲೇನು ಚಾಚಾ?”

“ಮಾಡಬೇಕಿತ್ತು. ಖರೇ ಹೇಳ್ತೀನಿ, ಕೇಳ್ಲಿಕ್ಕ ಭಾಳ ಚೊಲೊ ಇತ್ತು. ಮುಂದ ಏನಂತೀರಿ ಅನ್ನೂದ್ರಾಗ ಮುಗದೇ ಹೋಯ್ತು.” ಇಷ್ಟು ಹೇಳಿ ಚಹಾ ತರಿಸಲು ಹೇಳಿದರು. ಅದಕ್ಕಿಂತ ಹೆಚ್ಚು ಅವರು ಅಂದೂ ಕೇಳಲಿಲ್ಲ, ಇಂದಿಗೂ ಕೇಳಿಲ್ಲ.

ಊರು ನನ್ನ ಮೇಲೆ ಮುರಿದು ಬೀಳುತ್ತದೆ ಎಂದುಕೊಂಡಿದ್ದೆ. ಎರಡು ದಿನ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತ ತಿರುಗಾಡಿದೆ. ಏನೂ ಆಗಲಿಲ್ಲ. ಅಭ್ಯರ್ಥಿಯ ಕಡೆಯವನೊಬ್ಬ ಫೋನು ಮಾಡಿ, “ನಮ್ಮ ಗಾಡ್ಯಾಗ ಇದೇನು ಹಾಕೀರಿ, ಎದುರ ಪಾರ್ಟಿಯವ್ರು ಹೇಳಿ ಹಾಕಿಸ್ಯಾರೇನು?” ಎಂದು ಕೇಳಿದ. ಇಲ್ಲ ಎಂದೆ, ನಂಬಿದ. ಕೇಳಿದ ಜನ ಬಹುಪಾಲು ಇದು ಆರೋಗ್ಯ ಇಲಾಖೆಯ ಏಡ್ಸ್ ಪ್ರಚಾರ ಎಂದುಕೊಂಡಿದ್ದರಂತೆ. ಉಳಿದೆವು ಎಂದು ಸಮಾಧಾನವಾಗಬೇಕಿತ್ತು. ನನಗೆ ಅವಮಾನವಾಯಿತು. ಆರು ವರ್ಷ ತಲೆ ಉಪಯೋಗಿಸಿ ಮಾಡಿದ ಕಾರ್ಯಕ್ರಮ ಜೀವನದಲ್ಲಿ ಒಂದೇ ಸಲ ಮೈಕಿನಲ್ಲಿ ಬಂತು, ಜನ ಅದನ್ನು ಗುಪ್ತರೋಗದ ಜಾಹೀರಾತೆಂದು ತಿಳಿದರು.

ಅವನಿಗೆ ನಾನೇ ಫೋನಿನಲ್ಲಿ ಹೇಳಿದೆ. ಮುಚ್ಚಿಡಬಹುದಿತ್ತು, ಮುಚ್ಚಿಡುವುದು ಸಾಕಾಗಿತ್ತು. ಪೂರ್ತಿ ಕೇಳಿದ. ಹಿಂದೆ ಶಾಲೆಯ ಗಂಟೆ ಹೊಡೆಯಿತು. “ನಾ ಇನ್ನ ಬರಂಗಿಲ್ಲ,” ಎಂದ. ಯಾರಿಗೂ ಗುರುತು ಹತ್ತಿಲ್ಲವೆಂದು ಎಷ್ಟು ಹೇಳಿದರೂ ಅದೇ ಮಾತು. ಎರಡು ತಿಂಗಳಾದ ಮೇಲೆ ಒಂದು ಮೆಸೇಜು ಬಂತು: ಸೇಡಂ ಕಡೆ ಹುಡುಗಿ ನೋಡ್ಯಾರ, ಹೂಂ ಅಂದೀನಿ, ಮುಂದಿನ ತಿಂಗಳು ನಿಶ್ಚಯ. ನನಗೆ ಸಂಕಟವಾಯಿತು, ಸಿಟ್ಟೂ ಬಂತು. ಸಿಟ್ಟು ಅವನ ಮೇಲೆ, ಸಂಕಟ ಆ ಹುಡುಗಿಗೂ ಸೇರಿಸಿ. ಉತ್ತರ ಬರೆಯಲಿಲ್ಲ. ಕಾರ್ಯಕ್ರಮ ನಿಂತುಹೋಯಿತು. ವಿದೇಶದಲ್ಲಿ ಇಬ್ಬರು ಹಾಡುಗಾರರು ಮದುವೆಯಾದರು, ಹಿಂದಿಯ ಒಬ್ಬ ನಟನ ಬಾಲ್ಯ ಸ್ನೇಹಿತ ಬದಲಾದ. ಹೇಳಲು ಎದುರಿಗೆ ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ಹಣೆಗೆ ವಿಭೂತಿ ಹಚ್ಚಿಕೊಂಡ, ತಲೆಯ ಮೇಲೆ ಸೆರಗು ಹೊದ್ದ ಹೆಂಗಸೊಬ್ಬರು ಬಾಗಿಲಲ್ಲಿ ನಿಂತರು. ಕೈಯಲ್ಲಿ ನನ್ನ ಅಂಗಡಿಯ ಕಾರ್ಡು. ಯಾವುದೋ ಪ್ರಚಾರಕ್ಕೆ ಬಂದವರು ಎಂದು, “ಬರ್ರಿ ಅಮ್ಮಾ, ಕುಂದ್ರಿ,” ಎಂದೆ. ಅವರು ತಾವು ಮಾಸ್ತರನ ತಾಯಿ ಎಂದರು. ನಾನು ಎದ್ದು ನಿಂತೆ.

“ಅವತ್ತು ಪಹಣಿ ತಗೊಳ್ಳಾಕ ಚಿತ್ತಾಪುರಕ್ಕ ಹೋಗಿದ್ದೆ, ತಮ್ಮಾ. ಬಸ್ ಸ್ಟ್ಯಾಂಡಿನ್ಯಾಗ ನನ್ನ ಮಗನ ದನಿ ಕೇಳ್ತು. ಎಲ್ಲಿ ಬಂದಾನಪಾ ಅಂತ ಸುತ್ತೆಲ್ಲ ನೋಡ್ದೆ. ನೋಡಿದ್ರ ಆಟೋದಾಗಿಂದ ಬರಾಕತ್ತಿತ್ತು. ಮುಗಿಯೂತನಕ ನಿಂತೆ. ಆಮ್ಯಾಲೆ ಆಟೋದಾವರಿಗೆ ಇದು ಎಲ್ಲಿ ಮಾಡಿಸ್ತೀರಂತ ಕೇಳ್ದೆ. ಈ ಚೀಟಿ ಕೊಟ್ರು.”

ಅಂದರೆ ಮೂರು ತಿಂಗಳಿಂದ ಅವರಿಗೆ ಗೊತ್ತು. ಮಗನಿಗೆ ಹೇಳಿರಲಿಲ್ಲ. ನಾನು ಬೈಗುಳಕ್ಕೆ ತಯಾರಾಗಿ ನಿಂತೆ.

“ನಾಳಿಗೆ ಸೇಡಂದವ್ರಿಗೆ ಮಾತು ಕೊಡಬೇಕು,” ಎಂದರು. “ಅಂವ ಹೂಂ ಅಂದಾನ. ಮನ್ಯಾಗ ಏನು ಕೇಳಿದ್ರೂ ಅಂವ ಹೂಂ ಅಂತಾನ. ಇಲ್ಲಿ ತಾಸುಗಟ್ಟಲೆ ಮಾತಾಡ್ತಾನಂತಲ್ಲ, ಏನು ಮಾತಾಡ್ತಾನ? ಕೇಳಸು. ಅದಕ್ಕ ಮುದ್ದಾಂ ಬಂದೀನಿ.”

ರಾಜಕೀಯದ್ದು ಬೇಡ, ತೀರ್ಪಿನದಂತೂ ಬೇಡವೇ ಬೇಡ ಎಂದುಕೊಂಡು, ಹಾಡುಗಾರ್ತಿಯೊಬ್ಬಳ ಉಡುಗೆಯ ಬಗ್ಗೆ ಮಾಡಿದ ಹಳೆಯದೊಂದನ್ನು ಹುಡುಕಿದೆ. ಕತ್ತರಿಸದೆ, ದನಿ ತಿರುಚದೆ ಇಟ್ಟದ್ದು. ಅವಳು ಗರಿ ಅಂಟಿಸಿದ ಅಂಗಿ ತೊಟ್ಟು ಬಹುಮಾನ ತಗೊಳ್ಳಲು ಮೆಟ್ಟಿಲು ಹತ್ತುವಾಗ ಗರಿಗಳು ಒಂದೊಂದೇ ಉದುರಿದ್ದನ್ನು, ವಾಡಿ ಜಂಕ್ಷನ್ನಿನಲ್ಲಿ ಗಾಡಿಗಳು ಬಂದು ಹೋಗುವುದನ್ನು ಸಾರುವ ಧಾಟಿಯಲ್ಲಿ ನಾನು ವರ್ಣಿಸಿದ್ದೆ. ಅವನು ನಗಲು ಶುರು ಮಾಡಿದ್ದ. ಮೊದಲು ಮೂಗಿನಲ್ಲಿ, ಆಮೇಲೆ ತಡೆಯಲಾರದೆ ಬಾಯಿ ಬಿಟ್ಟು, ಕೆಮ್ಮು ಬಂದು, ಟೇಬಲ್ಲು ಬಡಿದು, “ಸಾಕೋ ಮಾರಾಯಾ, ಸತ್ತೆ,” ಎಂದು ಮತ್ತೆ ನಕ್ಕಿದ್ದ.

ತಾಯಿ ಹಾಡುಗಾರ್ತಿ ಯಾರೆಂದು ಕೇಳಲಿಲ್ಲ. ಸ್ಪೀಕರಿನ ಕಡೆ ಬಾಗಿ ಕೂತಿದ್ದರು.

“ಇದು ನನ್ನ ಮಗನಾ ನಗೂದು?”

“ಹೌದ್ರಿ ಅಮ್ಮಾ.”

“ಇನ್ನೊಮ್ಮೆ ಹಚ್ಚು.”

ಹಚ್ಚಿದೆ. ಮುಗಿದ ಮೇಲೆ ಅವರು ಮತ್ತೊಮ್ಮೆ ಎಂದು ಕೈಯಲ್ಲೇ ಸನ್ನೆ ಮಾಡಿದರು. ಮೂರನೆಯ ಸಲ ಮುಗಿಯುವ ಹೊತ್ತಿಗೆ ಅವರ ಕಣ್ಣು ತುಂಬಿತ್ತು, ತುಟಿಯ ಮೇಲೆ ಮಾತ್ರ ನಗು ಬರುತ್ತಿತ್ತು. ನಾನು ಕಂಪ್ಯೂಟರ್ ನೋಡುವವನ ಹಾಗೆ ಮುಖ ತಿರುಗಿಸಿದೆ. ಅವರು ಸೆರಗಿನ ಗಂಟಿನಿಂದ ಸಣ್ಣ ಫೋನು ತೆಗೆದು ನನ್ನ ಕೈಗೆ ಕೊಟ್ಟು, “ಇದರಾಗ ಸೇಡಂ ಅಂತ ಅದ ನೋಡು. ಹಚ್ಚಿ ಕೊಡು,” ಎಂದರು.

ನಾನೇ ನಂಬರು ಹಚ್ಚಿ ಕೊಟ್ಟೆ.

“ಈ ಸಂಬಂಧ ಬ್ಯಾಡ್ರಿ ಅಣ್ಣಾ. ನಿಮ್ಮ ಮಗಳದೇನೂ ತಪ್ಪಿಲ್ಲ, ಬಂಗಾರದಂಥಾ ಹುಡುಗಿ. ನಮ್ಮ ಹುಡುಗ ಆಕಿ ಸಂಗಟ ನಗಂಗಿಲ್ಲ, ಅದಕ್ಕ.” ಆ ಕಡೆಯ ಗಂಡಸು ಏನೋ ಜೋರಾಗಿ ಕೇಳಿದ್ದು ನನಗೂ ಕೇಳಿಸಿತು. ಅವರು ತಡೆದು, ನನ್ನನ್ನೊಮ್ಮೆ ನೋಡಿ, “ಹೌದ್ರಿ, ನಗೂದೂ ಬೇಕಾಗ್ತದ,” ಎಂದರು.